ಮನೆ ನೋಡುವ ಮುಂಚೆ ಗಾಳಿ ನೋಡಿ: ಡಲ್ಲಾಸ್‌ಗೆ ಹೊಸದಾಗಿ ಬರುವವರಿಗೆ

ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದೆ ಅಂತ ಊರಿಂದ ಯಾರಾದರೂ ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಮನೆ ಎಲ್ಲಿ ಮಾಡಿದರೆ ಒಳ್ಳೇದು?" ಶಾಲೆ ಹೇಗಿದೆ, ಬಾಡಿಗೆ ಎಷ್ಟು, ದೇವಸ್ಥಾನ ಎಷ್ಟು ದೂರ, ಎಲ್ಲ ವಿಚಾರಿಸುತ್ತಾರೆ. ವಿಮಾನ ನಿಲ್ದಾಣದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ ನಾನು. ಈ ಕಡೆಯ ರಸ್ತೆ, ರೈಲು, ಕಂಪನಿ, ಮನೆ, ಎಲ್ಲವೂ ಹರಡಿಕೊಂಡಿರುವುದು ಅದರ ಸುತ್ತಲೇ.

ಹಿಂದೆ ಡಲ್ಲಾಸ್‌ಗೊಂದು ನಿಲ್ದಾಣ, ಪಕ್ಕದ ಫೋರ್ಟ್ ವರ್ತ್‌ಗೊಂದು ನಿಲ್ದಾಣ ಇತ್ತು. ಎರಡು ಊರಿಗೂ ಹಳೇ ಪೈಪೋಟಿ. ಇಬ್ಬರೂ ಸೇರಿ ಒಂದೇ ಜಾಗ ನೋಡಿಕೊಳ್ಳಿ ಅಂತ 1964ರಲ್ಲಿ ಅಮೆರಿಕ ಸರ್ಕಾರವೇ ಹೇಳಬೇಕಾಯಿತು. ಹಾಗೆ ಎರಡರ ನಡುವಿನ ಬಯಲಿನಲ್ಲಿ ಡಿಎಫ್‌ಡಬ್ಲ್ಯೂ, ಅಂದರೆ ಡಲ್ಲಾಸ್ ಫೋರ್ಟ್ ವರ್ತ್ ವಿಮಾನ ನಿಲ್ದಾಣ, ಎದ್ದಿತು. 1974ರ ಜನವರಿಯಲ್ಲಿ ವಿಮಾನಗಳು ಹಾರತೊಡಗಿದವು. ಜಾಗ 17,000 ಎಕರೆಗೂ ಜಾಸ್ತಿ. ನಮ್ಮ ದೇವನಹಳ್ಳಿಯ ನಿಲ್ದಾಣ ಸುಮಾರು 4,000 ಎಕರೆ. ಅಂಥ ನಾಲ್ಕು ಇದರೊಳಗೆ ಕೂರುತ್ತವೆ. 2024ರಲ್ಲಿ ಇಲ್ಲಿ ಓಡಾಡಿದವರು 8.7 ಕೋಟಿಗೂ ಹೆಚ್ಚು ಜನ.

ದೇವನಹಳ್ಳಿ ಬಂದಾಗ ಎಚ್‌ಎಎಲ್‌ನಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ನಿಂತವು, ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಡಲ್ಲಾಸ್‌ನ ಹಳೇ ನಿಲ್ದಾಣ ಲವ್ ಫೀಲ್ಡ್ ಈಗಲೂ ಇದೆ. ಸೌತ್‌ವೆಸ್ಟ್ ಅನ್ನುವ ವಿಮಾನ ಕಂಪನಿ ಅಲ್ಲಿಂದ ಕದಲಲೇ ಇಲ್ಲ. ಅಲ್ಲಿಂದ ದೂರದ ಊರುಗಳಿಗೆ ಹಾರಬಾರದು ಅಂತ ಒಂದು ಕಾಯಿದೆಯೇ ಇತ್ತು. 2014ರಲ್ಲಿ ಅದು ತೆರವಾಯಿತು, ಆದರೆ 20 ಗೇಟ್ ಮೀರುವಂತಿಲ್ಲ. ಹಾಗಾಗಿ ಟಿಕೆಟ್ ಕೈಗೆ ಬಂದ ತಕ್ಷಣ ಊರಿನ ಹೆಸರಿಗಿಂತ ಮೊದಲು ಮೂರಕ್ಷರದ ಕೋಡ್ ನೋಡಿ. 'ಡಿಎಎಲ್' ಅಂದರೆ ಲವ್ ಫೀಲ್ಡ್, 'ಡಿಎಫ್‌ಡಬ್ಲ್ಯೂ' ಅಂದರೆ ದೊಡ್ಡದು. ಒಂದು ಅಂದುಕೊಂಡು ಇನ್ನೊಂದಕ್ಕೆ ಹೋದರೆ ವಿಮಾನ ತಪ್ಪಿದಂತೆಯೇ ಲೆಕ್ಕ.

ಈಗ ಮನೆಯ ವಿಷಯ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಡಿಎಫ್‌ಡಬ್ಲ್ಯೂ ಪಕ್ಕದ ಊರು ಇರ್ವಿಂಗ್‌ನ 183 ಹೆದ್ದಾರಿಯ ಹತ್ತಿರ ಒಂದು ಅಪಾರ್ಟ್‌ಮೆಂಟ್ ನೋಡಿದೆ. ಜನವರಿ ತಿಂಗಳು, ಕೊರೆಯುವ ಚಳಿ. ಬಾಡಿಗೆ ಕಡಿಮೆ, ಅಡುಗೆಮನೆಗೆ ಒಳ್ಳೇ ಬೆಳಕು. "ಶಬ್ದ ಏನೂ ಇಲ್ಲ" ಅಂದರು ತೋರಿಸಿದವರು. ಆ ದಿನ ನಿಜಕ್ಕೂ ಇರಲಿಲ್ಲ. ಸಹಿ ಹಾಕಿದೆ. ಮೂರನೇ ದಿನ ಬೆಳಿಗ್ಗೆ ಆರಕ್ಕೆ ಸಿಂಕ್ ಪಕ್ಕ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಗಿಣಿಗಿಣಿ ಅಂದವು. ಆಮೇಲೆ ಎರಡು ನಿಮಿಷಕ್ಕೊಮ್ಮೆ ಅದೇ ಸದ್ದು. ಗುತ್ತಿಗೆ ಇದ್ದದ್ದು ಒಂದು ವರ್ಷಕ್ಕೆ. ಮಧ್ಯೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ. ವರ್ಷ ಪೂರ್ತಿ ಅಲ್ಲೇ ಕಳೆದೆ.

ಆಗಿದ್ದು ಇಷ್ಟೇ: ಗಾಳಿ ತಿರುಗಿತ್ತು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಇಲ್ಲಿರುವ ಏಳು ರನ್‌ವೇಗಳಲ್ಲಿ ಐದು ಉತ್ತರ ದಕ್ಷಿಣವಾಗಿವೆ. ವರ್ಷದಲ್ಲಿ ಹೆಚ್ಚಿನ ದಿನ ದಕ್ಷಿಣದ ಗಾಳಿ ಬೀಸುತ್ತದೆ. ಆಗ ವಿಮಾನಗಳು ನಿಲ್ದಾಣದ ಉತ್ತರಕ್ಕಿರುವ ಕೊಪೆಲ್, ಗ್ರೇಪ್‌ವೈನ್ ಕಡೆಯಿಂದ ಬಂದು ಇಳಿಯುತ್ತವೆ, ದಕ್ಷಿಣಕ್ಕಿರುವ ಇರ್ವಿಂಗ್, ಯೂಲೆಸ್ ಮೇಲೆ ಏರುತ್ತವೆ. ಚಳಿಗಾಲದಲ್ಲಿ ಉತ್ತರದ ಗಾಳಿ ಬಂದಾಗ ಪೂರ್ತಿ ಉಲ್ಟಾ. ಇಳಿಯುವ ವಿಮಾನ ನೇರ ಗೆರೆ ಹಿಡಿದು ಬರುತ್ತದೆ. ಆ ಗೆರೆಯಿಂದ ಸ್ವಲ್ಪ ಪಕ್ಕಕ್ಕಿದ್ದರೂ ಸದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಏರುವಾಗ ಎಂಜಿನ್ ಪೂರ್ತಿ ಜೋರಿನಲ್ಲಿರುತ್ತದೆ. ನಾನು ಮನೆ ನೋಡಿದ್ದು ಉತ್ತರದ ಗಾಳಿಯ ದಿನ.

ಆದ್ದರಿಂದ ನಿಲ್ದಾಣದ ಹತ್ತಿರ ಮನೆ ನೋಡುವವರು ಎರಡು ಬಾರಿ ಹೋಗಿ. ಒಮ್ಮೆ ದಕ್ಷಿಣದ ಗಾಳಿ ಇದ್ದಾಗ, ಒಮ್ಮೆ ಉತ್ತರದ ಗಾಳಿ ಇದ್ದಾಗ. ಹವಾಮಾನದ ಆಪ್‌ನಲ್ಲಿ ಗಾಳಿಯ ದಿಕ್ಕು ಸಿಗುತ್ತದೆ. ಹೊರಗೆ ನಿಂತು ಅರ್ಧ ಗಂಟೆ ಸುಮ್ನೆ ಕೇಳಿಸಿಕೊಳ್ಳಿ. ಕೊಳ್ಳುವವರಾದರೆ ಕಾಗದಪತ್ರದಲ್ಲಿ 'ಅವಿಗೇಷನ್ ಈಸ್‌ಮೆಂಟ್' ಅನ್ನುವ ಮಾತು ಇದೆಯಾ ನೋಡಿ. ನಿಮ್ಮ ಮನೆ ಮೇಲೆ ವಿಮಾನ ಹಾರಲು ಹಕ್ಕು ಕೊಟ್ಟಿದ್ದೀರಿ ಅಂತ ಅದರ ಅರ್ಥ. ಆಮೇಲೆ ದೂರು ಕೊಟ್ಟು ಹೆಚ್ಚೇನೂ ಆಗುವುದಿಲ್ಲ. ಈ ನಿಲ್ದಾಣದ ಒಡೆತನ ಹನ್ನೊಂದು ಪಾಲಿನಲ್ಲಿ ಏಳು ಡಲ್ಲಾಸ್‌ದು, ನಾಲ್ಕು ಫೋರ್ಟ್ ವರ್ತ್‌ದು. ಇರ್ವಿಂಗ್, ಯೂಲೆಸ್, ಗ್ರೇಪ್‌ವೈನ್, ಕೊಪೆಲ್ ನಾಲ್ಕಕ್ಕೂ ಸೇರಿ ಮಂಡಳಿಯಲ್ಲಿ ಒಂದೇ ಕುರ್ಚಿ, ಅದಕ್ಕೂ ವೋಟಿಲ್ಲ. ಪೂರ್ವದ ಅಂಚಿನ ರನ್‌ವೇ ಬೇಡ ಅಂತ ಅಕ್ಕಪಕ್ಕದ ಊರುಗಳು ಕೋರ್ಟಿಗೆ ಹೋಗಿದ್ದವು. 1996ರಲ್ಲಿ ಅದು ಶುರುವಾಗಿಯೇ ಬಿಟ್ಟಿತು. ಊರಿನವರ ಮಾತಿಗೆ ಇನ್ನೂ ಸ್ವಲ್ಪ ತೂಕ ಸಿಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಾಗಂತ ದೂರ ಓಡಿಹೋಗಬೇಕಾಗಿಲ್ಲ. ನಮ್ಮ ಜನರಿಗೆ ಇಲ್ಲಿ ಕೆಲಸ ಸಿಗುತ್ತಿರುವುದಕ್ಕೆ ಈ ನಿಲ್ದಾಣವೂ ಒಂದು ದೊಡ್ಡ ಕಾರಣ. ದೇಶದ ನಡುವೆ ಇರುವುದರಿಂದ ಯಾವ ಕರಾವಳಿಗೆ ಹೊರಟರೂ ಮೂರು ನಾಲ್ಕು ಗಂಟೆ ಸಾಕು. ಅಮೆರಿಕನ್ ಏರ್‌ಲೈನ್ಸ್ 1979ರಲ್ಲಿ ಮುಖ್ಯ ಕಚೇರಿಯನ್ನು ನ್ಯೂಯಾರ್ಕ್‌ನಿಂದ ಇಲ್ಲಿಗೆ ತಂದಿತು. ಟೊಯೋಟಾದ ಅಮೆರಿಕದ ಮುಖ್ಯ ಕಚೇರಿ 2017ರಲ್ಲಿ ಕ್ಯಾಲಿಫೋರ್ನಿಯಾದಿಂದ ಪ್ಲೇನೋಗೆ ಬಂತು. ಪಕ್ಕದ ಫ್ರಿಸ್ಕೋ 2000ದಲ್ಲಿ 33,000 ಜನರ ಊರು. 2020ರ ಜನಗಣತಿಯಲ್ಲಿ 2 ಲಕ್ಷ ದಾಟಿತ್ತು. ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ ಅಲ್ಲೇ ಇದೆ. ಶನಿವಾರ ಹೋದರೆ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ.

ಆದರೆ ಕಾರಿಲ್ಲದವರಿಗೆ ಫ್ರಿಸ್ಕೋ ಕಷ್ಟ. ಡಾರ್ಟ್ ಅನ್ನುವ ರೈಲು-ಬಸ್ ಸಂಸ್ಥೆಗೆ ಸದಸ್ಯ ಊರುಗಳು ಮಾರಾಟ ತೆರಿಗೆಯಲ್ಲಿ ಡಾಲರಿಗೆ ಒಂದು ಸೆಂಟ್ ಕೊಡುತ್ತವೆ. ಫ್ರಿಸ್ಕೋ, ಆಲನ್, ಮೆಕಿನ್ನಿ ಸೇರಲಿಲ್ಲ, ಅಲ್ಲಿಗೆ ಡಾರ್ಟ್ ರೈಲೂ ಹೋಗಲಿಲ್ಲ. ಯುಟಿ ಡಲ್ಲಾಸ್‌ಗೆ ಓದಲು ಬರುವ ಮಕ್ಕಳಿಗೆ ಮಾತ್ರ ಒಳ್ಳೇ ಸುದ್ದಿ ಇದೆ. 2025ರ ಅಕ್ಟೋಬರ್‌ನಲ್ಲಿ ಸಿಲ್ವರ್ ಲೈನ್ ಶುರುವಾಯಿತು. ಪ್ಲೇನೋದಿಂದ ಹೊರಟು ಯುಟಿ ಡಲ್ಲಾಸ್, ಆಡಿಸನ್, ಕ್ಯಾರಲ್‌ಟನ್ ದಾಟಿ ನಿಲ್ದಾಣದ ಬಿ ಟರ್ಮಿನಲ್‌ಗೇ ಬರುತ್ತದೆ. ಎರಡು ದೊಡ್ಡ ಸೂಟ್‌ಕೇಸ್ ಹಿಡಿದು ಮೊದಲ ಸಲ ಬರುವ ಹುಡುಗ ಹುಡುಗಿಯರು ಇನ್ನು ಗುರುತಿಲ್ಲದವರ ಕಾರಿಗೆ ಕಾಯಬೇಕಿಲ್ಲ. ಡೌನ್‌ಟೌನ್, ಲಾಸ್ ಕೊಲಿನಾಸ್ ಕಡೆಯವರಿಗೆ ಆರೆಂಜ್ ಲೈನ್ ಎ ಟರ್ಮಿನಲ್‌ಗೆ ಇದೆ. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಕಾರಿದ್ದವರು ಬಂದ ವಾರದಲ್ಲೇ ಟೋಲ್‌ಟ್ಯಾಗ್ ಹಾಕಿಸಿ, ನಮ್ಮ ಫಾಸ್ಟ್‌ಟ್ಯಾಗ್ ಇದ್ದಂತೆ. ನಿಲ್ದಾಣದ ನಡುವೆ ಹಾಯುವ ಇಂಟರ್‌ನ್ಯಾಷನಲ್ ಪಾರ್ಕ್‌ವೇಗೂ ಟೋಲ್ ಇದೆ. ಎಲ್ಲೂ ನಿಲ್ಲದೆ ಅಡ್ಡದಾರಿಯಂತೆ ದಾಟಿದರೆ, ಯಾರನ್ನೋ ಕರೆದುಕೊಂಡು ಬರಲು ಹೋಗುವುದಕ್ಕಿಂತ ಜಾಸ್ತಿ ಹಣ ಹೋಗುತ್ತದೆ. ಆ ರಸ್ತೆಯಲ್ಲಿ ಹಿಂದೆ ಎಡಕ್ಕಿದ್ದ ತಿರುವುಗಳನ್ನು ಬಲಕ್ಕೆ ತರುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಹೊಸದಾಗಿ ಎಫ್ ಟರ್ಮಿನಲ್ ಕೂಡ ಕಟ್ಟುತ್ತಿದ್ದಾರೆ. ಮೊದಲು 15 ಗೇಟ್ ಅಂದಿದ್ದರು, 2025ರಲ್ಲಿ ಅದನ್ನು 31 ಮಾಡಿದರು. ಹಳೇ ನೆನಪಿನ ಮೇಲೆ ಗಾಡಿ ಓಡಿಸಬೇಡಿ. ಬೋರ್ಡು ಓದಿ, ಅರ್ಧ ಗಂಟೆ ಮೊದಲೇ ಹೊರಡಿ.

ಅಪ್ಪ ಅಮ್ಮನನ್ನು ಕರೆತರುವವರಿಗೆ ಒಂದು ಮಾತು. ಬೆಂಗಳೂರಿನಿಂದ ಇಲ್ಲಿಗೆ ನೇರ ವಿಮಾನ ಇಲ್ಲ. ದೋಹಾ, ದುಬೈ, ಲಂಡನ್, ಫ್ರಾಂಕ್‌ಫರ್ಟ್ ಮೂಲಕ ಬಂದರೆ ಡಿ ಟರ್ಮಿನಲ್‌ನಲ್ಲಿ ಕಸ್ಟಮ್ಸ್ ಮುಗಿಸಿ ಹೊರಬರುತ್ತಾರೆ. ಶಿಕಾಗೋ ಅಥವಾ ನ್ಯೂಯಾರ್ಕ್ ಮೂಲಕ ಬಂದರೆ ಕಸ್ಟಮ್ಸ್ ಅಲ್ಲೇ ಮುಗಿದಿರುತ್ತದೆ, ಇಲ್ಲಿ ಯಾವ ಟರ್ಮಿನಲ್‌ಗೆ ಬೇಕಾದರೂ ಬರಬಹುದು. ನೀವು ಡಿ ಬಾಗಿಲಲ್ಲಿ ಹೂವು ಹಿಡಿದು ನಿಂತಿರುತ್ತೀರಿ, ಅವರು ಎ ಟರ್ಮಿನಲ್‌ನಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿ. ನಡೆಯಲು ಶಕ್ತಿ ಇದ್ದರೂ ಹೇಳಿ, ಭಾಷೆ ಬಾರದವರಿಗೆ ಜೊತೆಗೊಬ್ಬರು ಇದ್ದಂತಾಗುತ್ತದೆ.

ಈಗ ನಮ್ಮ ಮನೆ ಕೊಪೆಲ್‌ನಲ್ಲಿದೆ. ಎರಡು ಗಾಳಿಯಲ್ಲೂ ನಿಂತು ಕೇಳಿಸಿಕೊಂಡು ಕೊಂಡ ಮನೆ. ಅಮ್ಮ ಬಂದಾಗ ಸಂಜೆ ಕಾಫಿ ಹಿಡಿದು ಹಿತ್ತಲಿನಲ್ಲಿ ಕೂರುತ್ತಾರೆ. ದಕ್ಷಿಣದ ಗಾಳಿಯ ದಿನ ಉತ್ತರದ ಆಕಾಶದಲ್ಲಿ ದೀಪಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ಇಳಿಯುತ್ತವೆ, ಕಾರ್ತಿಕದ ಹಣತೆ ಇಟ್ಟ ಹಾಗೆ. "ಇದು ಯಾವ ಊರಿಂದು ನೋಡೋ" ಅನ್ನುತ್ತಾರೆ. ಫೋನ್ ಎತ್ತಿ ನೋಡಿ ಹೇಳುತ್ತೇನೆ. ಡೆನ್ವರ್. ಮಯಾಮಿ. ದೋಹಾ ಅಂದ ದಿನ ಮಾತ್ರ ಅವರು ಲೋಟ ಕೆಳಗಿಟ್ಟು, ಅದು ಮರಗಳ ಹಿಂದೆ ಮರೆಯಾಗುವವರೆಗೂ ನೋಡುತ್ತಾರೆ.