ಗೆಳೆಯರೊಂದಿಗೆ ಸೈಕಲ್ ಸವಾರಿ: ಕೊನೆಯವರ ವೇಗವೇ ಗುಂಪಿನ ವೇಗ

ರಜೆಯ ದಿನ ಬೆಳಿಗ್ಗೆ ಗೆಳೆಯರೆಲ್ಲ ಸೇರಿ ಸೈಕಲ್ ತುಳಿದು, ದಾರಿಯಲ್ಲೊಂದು ಕಡೆ ಕಾಫಿ ಕುಡಿದು ಮನೆಗೆ ಮರಳುವ ರೂಢಿ ನಮ್ಮ ಊರುಗಳಲ್ಲಿ ಈಗ ಚೆನ್ನಾಗಿ ಬೇರೂರಿದೆ. ಆದರೆ ಹೊಸದಾಗಿ ಹುಟ್ಟುವ ಗುಂಪುಗಳಲ್ಲಿ ಬಹುಪಾಲಿನ ಕಥೆ ಒಂದೇ. ಕೆಲವು ವಾರ ಎಲ್ಲರೂ ಉತ್ಸಾಹದಿಂದ ಬರುತ್ತಾರೆ, ಆಮೇಲೆ ಹೊಸಬರು ಒಬ್ಬೊಬ್ಬರಾಗಿ ನೆಪ ಹೇಳತೊಡಗುತ್ತಾರೆ, ಕೊನೆಗೆ ಉಳಿಯುವುದು ಮೊದಲಿನಿಂದಲೂ ಜೋರಾಗಿ ತುಳಿಯಬಲ್ಲವರು ಮಾತ್ರ. ಇದಕ್ಕೆ ಹೊಸಬರ ಸೋಮಾರಿತನ ಕಾರಣವಲ್ಲ. ಬೇರೆ ಬೇರೆ ಶಕ್ತಿಯ ಹತ್ತು ಹನ್ನೆರಡು ಮಂದಿಯನ್ನು ಒಂದೇ ಗುಂಪಾಗಿ ಕರೆದೊಯ್ಯುವುದು ಕಲಿಯಬೇಕಾದ ಕೆಲಸ ಎಂಬುದನ್ನು ಮುಂದಾಳುಗಳು ಗಮನಿಸುವುದೇ ಇಲ್ಲ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಸವಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ದಾರಿ ಮತ್ತು ಸಮಯ

ಮೇಟಗಳ್ಳಿ ದಾಟಿ ಕೆಆರ್‌ಎಸ್ ರಸ್ತೆಯಲ್ಲಿ ಬೆಳಗೊಳದವರೆಗೆ ಹೋಗಿ, ಅಲ್ಲಿಂದ ಪಾಲಹಳ್ಳಿಯ ಮೂಲಕ ರಂಗನತಿಟ್ಟಿನ ಬದಿಯಲ್ಲೇ ಶ್ರೀರಂಗಪಟ್ಟಣ ಸೇರುವ ದಾರಿಯನ್ನೇ ಆರಿಸಿಕೊಳ್ಳಿ. ಮೈಸೂರಿನ ಯಾವ ಬಡಾವಣೆಯಿಂದ ಹೊರಡುತ್ತೀರಿ ಎಂಬುದರ ಮೇಲೆ ಹೋಗಿಬರಲು 40ರಿಂದ 50 ಕಿಲೊಮೀಟರ್ ಆಗುತ್ತದೆ. ಹೆದ್ದಾರಿಯಲ್ಲಿ ಹೋದರೆ ಬೇಗ ತಲುಪಬಹುದೆಂದು ಹೇಳುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಅವರ ಮಾತಿಗೆ ಒಪ್ಪಬೇಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ನಿಷೇಧವಿದ್ದು, ಸೈಕಲ್ ಕೂಡ ಅದರಲ್ಲಿ ಸೇರುತ್ತದೆ. ಹೆದ್ದಾರಿಯ ಬದಿಗೆ ಬರಲೇಬೇಕಾದ ಕಡೆ ಸರ್ವಿಸ್ ರಸ್ತೆಯಲ್ಲಿಯೇ ಇರಬೇಕು.

ಬೆಳಕು ಹರಿಯುವ ಹೊತ್ತಿಗೆ ಸರಿಯಾಗಿ ಹೊರಡಿ. ಚಳಿಗಾಲದಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ನಂತರ ಆದ್ದರಿಂದ, ಬೇಸಿಗೆಯಲ್ಲಿ ಹೊರಡುತ್ತಿದ್ದ ಸಮಯಕ್ಕೇ ಚಳಿಗಾಲದಲ್ಲೂ ಹೊರಡುವ ಹಟ ಬೇಡ. ಹೆಲ್ಮೆಟ್ ಇಲ್ಲದವರನ್ನು ಎಷ್ಟೇ ಆಪ್ತರಾದರೂ ಜೊತೆಗೆ ಕರೆದುಕೊಳ್ಳಬೇಡಿ.

ಸೈಕಲ್ ತಪಾಸಣೆ

ಹಿಂದಿನ ಸಂಜೆಯೇ ಟೈರಿನ ಗಾಳಿ, ಬ್ರೇಕ್ ಮತ್ತು ಚೈನ್ ನೋಡಿಕೊಂಡರೆ ಸಾಕು. ಚೈನಿಗೆ ಕೊಬ್ಬರಿ ಎಣ್ಣೆಯನ್ನಾಗಲಿ, ಬೈಕಿನಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ಲನ್ನಾಗಲಿ ಹಾಕುವ ಅಡ್ಡದಾರಿ ಬೇಡ, ಎರಡೂ ದೂಳನ್ನು ಹಿಡಿದು ಚೈನನ್ನು ಸವೆಸುತ್ತವೆ. ಸೀಟಿನ ಮೇಲೆ ಹಾಕುವ ಜೆಲ್ ಕವರ್‌ಗಳಿಗೂ ಹಣ ಸುರಿಯಬೇಡಿ. ಅವು ಕುಳಿತಲ್ಲೇ ಜಾರುತ್ತವೆ, ತೊಡೆಯ ಸಂದಿಯನ್ನು ಉಜ್ಜುತ್ತವೆ, 20 ಕಿಲೊಮೀಟರ್ ದಾಟಿದ ಮೇಲೆ ಬರಿಯ ಸೀಟಿಗಿಂತ ಹೆಚ್ಚು ನೋಯಿಸುತ್ತವೆ. ಅದೇ ಹಣಕ್ಕೆ ಒಳ್ಳೆಯ ಪ್ಯಾಡ್ ಇರುವ ಒಂದು ಚಡ್ಡಿ ಕೊಳ್ಳುವುದು ಮೇಲು.

ಗುಂಪಿಗೆ ಒಂದು ಪಂಪ್, ಟೈರ್ ಬಿಚ್ಚುವ ಲಿವರ್ ಮತ್ತು ಪ್ರತಿಯೊಬ್ಬರ ಬಳಿ ಅವರವರ ಅಳತೆಯ ಒಂದು ಟ್ಯೂಬ್ ಇರಬೇಕು. ರೋಡ್ ಬೈಕ್ ಇರುವವರು ಪ್ರೆಸ್ಟಾ ವಾಲ್ವಿಗೆ ಹೊಂದುವ ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡಿರಲಿ. ಅದು ಇಲ್ಲದಿದ್ದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎದುರಿಗೇ ಇದ್ದರೂ ಆ ತೆಳ್ಳನೆಯ ವಾಲ್ವಿಗೆ ಗಾಳಿ ತುಂಬಲು ಆಗುವುದಿಲ್ಲ.

ಗುಂಪನ್ನು ಒಟ್ಟಿಗೆ ಒಯ್ಯುವುದು

ಸವಾರಿ ಕೆಡುವುದು ಇಲ್ಲಿಯೇ, ಆದ್ದರಿಂದ ಇದನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹೊರಡುವ ಮೊದಲು ಇಬ್ಬರನ್ನು ಗೊತ್ತುಮಾಡಿ. ಒಬ್ಬರು ಎಲ್ಲರಿಗಿಂತ ಮುಂದೆ ಇರಬೇಕು, ಇನ್ನೊಬ್ಬರು ಎಲ್ಲರಿಗಿಂತ ಹಿಂದೆ. ದಾರಿ ಬಲ್ಲವರು ಮುಂದಿದ್ದರೆ ಸಾಕು; ಆದರೆ ಹಿಂದಿರುವವರು ಗುಂಪಿನಲ್ಲೇ ಅತ್ಯಂತ ಅನುಭವಿಯಾಗಿರಬೇಕು, ಪಂಕ್ಚರ್ ಹಾಕಲು ಬರಬೇಕು, ಮುಖ್ಯವಾಗಿ ತಾಳ್ಮೆ ಇರಬೇಕು. ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ. ಬಲಶಾಲಿಗಳೆಲ್ಲ ಮುಂದೆ ಹೋಗಿಬಿಟ್ಟಿರುತ್ತಾರೆ, ಹೊಸಬರು ಹಿಂದೆ ಒಂಟಿಯಾಗಿರುತ್ತಾರೆ, ಅವರ ಟೈರ್ ಪಂಕ್ಚರ್ ಆದರೂ ಮುಂದಿನವರಿಗೆ ತಿಳಿಯುವುದು ಅರ್ಧ ಗಂಟೆಯ ನಂತರ. ಹಿಂದಿನವರ ಫೋನ್ ನಂಬರ್ ಎಲ್ಲರ ಬಳಿಯೂ ಇರಲಿ, ಅವರನ್ನು ದಾಟಿ ಯಾರೂ ಹಿಂದೆ ಉಳಿಯಬಾರದೆಂಬ ನಿಯಮ ಕಟ್ಟುನಿಟ್ಟಾಗಿರಲಿ.

ಇನ್ನು ಸಾಲಿನ ಜೋಡಣೆ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರನ್ನು ಸಾಲಿನಲ್ಲಿ ಎರಡನೆಯವರಾಗಿ, ಮುಂದಾಳುವಿನ ಬೆನ್ನಿಗೇ ಇರಿಸಿ. ಇದರಿಂದ ಎರಡು ಲಾಭಗಳಿವೆ. ಮುಂದಿನವರ ಮರೆಯಲ್ಲಿ ಗಾಳಿಯ ತಡೆ ಕಡಿಮೆಯಾಗಿ ಅವರ ಶ್ರಮ ಉಳಿಯುತ್ತದೆ. ಅವರ ಏದುಸಿರು ಕಿವಿಗೆ ಬೀಳುವುದರಿಂದ ಮುಂದಾಳುವಿಗೆ ಯಾವಾಗ ವೇಗ ತಗ್ಗಿಸಬೇಕೆಂದು ತಿರುಗಿ ನೋಡದೆಯೇ ಗೊತ್ತಾಗುತ್ತದೆ. ಜೊತೆಯವರು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುತ್ತಿದ್ದಾರೆಯೇ, ಬರೀ 'ಹೂಂ' ಎನ್ನುತ್ತಿದ್ದಾರೆಯೇ ಎಂಬುದನ್ನು ಗಮನಿಸುತ್ತಿರಿ. 'ಹೂಂ'ಗೆ ಇಳಿದರೆಂದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಕೈಗಡಿಯಾರದ ಲೆಕ್ಕಕ್ಕಿಂತ, ಮೊಬೈಲಿನ ಆ್ಯಪ್‌ಗಿಂತ ಈ ಅಳತೆ ನಂಬಿಕೆಗೆ ಅರ್ಹವಾದದ್ದು. ಹೊಸಬರಿರುವ ಗುಂಪು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15–16 ಕಿಲೊಮೀಟರ್ ಹೋದರೆ ಅದು ಒಳ್ಳೆಯ ವೇಗವೇ.

ಮುಂದಿನ ಸೈಕಲ್ಲಿಗೂ ನಿಮ್ಮದಕ್ಕೂ ನಡುವೆ ಅನುಭವಿಗಳಾದರೆ ಒಂದು ಚಕ್ರದಷ್ಟು, ಹೊಸಬರಾದರೆ ಒಂದು ಸೈಕಲ್ಲಿನಷ್ಟು ಅಂತರವಿರಲಿ. ನಿಮ್ಮ ಮುಂದಿನ ಚಕ್ರ ಯಾವ ಕಾರಣಕ್ಕೂ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಬರಬಾರದು. ಅವರು ಗುಂಡಿ ತಪ್ಪಿಸಲೆಂದು ಒಂದು ಗೇಣು ಸರಿದರೂ ಚಕ್ರಗಳು ತಾಗಿ ಬೀಳುವವರು ಹಿಂದಿನವರೇ. ಮುಂದಿರುವವರು ಗುಂಡಿ, ಹಂಪ್, ನಾಯಿ ಏನೇ ಕಂಡರೂ ಗಟ್ಟಿಯಾಗಿ ಕೂಗಿ ಹೇಳಬೇಕು, ಆ ಕೂಗನ್ನು ಪ್ರತಿಯೊಬ್ಬರೂ ಹಿಂದಿನವರಿಗೆ ದಾಟಿಸಬೇಕು. ಈ ದಾರಿಯಲ್ಲಿ ಸುಗ್ಗಿಯ ದಿನಗಳಲ್ಲಿ ಇನ್ನೊಂದು ಎಚ್ಚರ ಬೇಕಾಗುತ್ತದೆ. ರೈತರು ರಾಗಿ, ಹುರುಳಿಯ ಕಟ್ಟುಗಳನ್ನು ಒಕ್ಕಣೆಗೆಂದು ರಸ್ತೆಯ ಮೇಲೇ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ತುಳಿಯುತ್ತಾ ಹೋದರೆ ಹುರುಳಿಯ ಬಳ್ಳಿ ಗೇರಿಗೆ ಸುತ್ತಿಕೊಂಡು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಮುರಿಯಬಹುದು. ಆದ್ದರಿಂದ ಇಳಿದು, ಬದಿಗೆ ಸರಿದು, ಸೈಕಲ್ ತಳ್ಳಿಕೊಂಡು ದಾಟಿ. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳನ್ನು ಹಿಂದಿಕ್ಕುವ ಆತುರವೂ ಬೇಡ, ಟ್ರೇಲರಿನ ಎರಡೂ ಬದಿಗೆ ಜಲ್ಲೆಗಳು ಚಾಚಿಕೊಂಡಿರುತ್ತವೆ.

ಎಂಟು ಹತ್ತು ಕಿಲೊಮೀಟರಿಗೊಮ್ಮೆ, ಹಾಗೂ ದಾರಿ ತಿರುಗುವ ಪ್ರತಿ ಕಡೆಯಲ್ಲೂ ಗುಂಪು ನಿಲ್ಲಬೇಕು. ಬೆಳಗೊಳದ ತಿರುವು, ಪಾಲಹಳ್ಳಿ, ಶ್ರೀರಂಗಪಟ್ಟಣ ಎಂದು ಜಾಗಗಳನ್ನು ಮೊದಲೇ ಹೇಳಿಟ್ಟರೆ ಮುಂದೆ ಹೋಗುವ ಆಸೆಯುಳ್ಳವರಿಗೂ ಎಲ್ಲಿ ಕಾಯಬೇಕೆಂದು ತಿಳಿದಿರುತ್ತದೆ. ನಿಲ್ಲುವುದನ್ನು ಅನೇಕರು ಬಲ್ಲರು, ಮತ್ತೆ ಹೊರಡುವುದರಲ್ಲಿ ತಪ್ಪುತ್ತಾರೆ. ಮುಂದೆ ಬಂದವರು ಹತ್ತು ನಿಮಿಷ ನೆರಳಿನಲ್ಲಿ ನಿಂತು, ನೀರು ಕುಡಿದು, ಹರಟೆ ಹೊಡೆದು ತಣಿದಿರುತ್ತಾರೆ. ಕೊನೆಯವರು ಬೆವರುತ್ತಾ ಬಂದು ಒಂದು ಕಾಲನ್ನು ನೆಲಕ್ಕೆ ಊರುತ್ತಿದ್ದಂತೆ 'ಎಲ್ಲರೂ ಬಂದಿರಲ್ಲ, ಹೊರಡೋಣ' ಎಂದು ಹತ್ತಿಬಿಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ, ಬೇಡವಾದವರಿಗೆ ಪ್ರತಿ ಸಲವೂ ಸಿಗುತ್ತದೆ. ಮುಂದಿನ ವಾರ ಹೊಸಬರು ಬಾರದಿರಲು ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. ಕೊನೆಯವರು ಬಂದು ನಿಂತ ಮೇಲೆ ಐದು ನಿಮಿಷ ಎಣಿಸಿ, ಅವರು ನೀರು ಕುಡಿದು ಉಸಿರು ಹಿಡಿದ ಮೇಲೆ, ಹೊರಡುವ ಮಾತು ಅವರ ಬಾಯಿಂದಲೇ ಬರಲಿ.

ಶಕ್ತಿಯುಳ್ಳವರಿಗೆ ಇದು ಬೇಸರ ತರಿಸುವುದು ಸಹಜ. ಅವರನ್ನು ಕಟ್ಟಿಹಾಕಬೇಕಿಲ್ಲ. ಮುಂದಿನ ನಿಲುಗಡೆಯವರೆಗೆ ಬೇಕಾದ ವೇಗದಲ್ಲಿ ಹೋಗಿ, ಅಲ್ಲಿಂದ ಹಿಂತಿರುಗಿ ಬಂದು ಕೊನೆಯವರನ್ನು ಕೂಡಿಕೊಳ್ಳಲಿ. ಅವರಿಗೆ ವ್ಯಾಯಾಮವೂ ಆಗುತ್ತದೆ, ಹಿಂದಿನವರಿಗೆ ಜೊತೆಯೂ ಸಿಗುತ್ತದೆ.

ಕಾಫಿಯ ನಿಲುಗಡೆ

ಶ್ರೀರಂಗಪಟ್ಟಣದಲ್ಲಿ ಕಾಫಿ ಕುಡಿಯಿರಿ, ಅದಕ್ಕೆ ಮೊದಲು ಬೇಡ. ಹತ್ತು ಜನಕ್ಕಿಂತ ಹೆಚ್ಚಿದ್ದರೆ ಹೋಟೆಲಿನವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಡುವುದು ಮರ್ಯಾದೆ. ಸೈಕಲ್ಲುಗಳನ್ನು ಕಣ್ಣಿಗೆ ಕಾಣುವಲ್ಲಿ ಒಟ್ಟಾಗಿ ನಿಲ್ಲಿಸಿ, ಒಂದೇ ಉದ್ದನೆಯ ಕೇಬಲ್ಲನ್ನು ಎಲ್ಲ ಚೌಕಟ್ಟುಗಳ ಮೂಲಕ ಹಾಯಿಸಿ ಬೀಗ ಹಾಕಬೇಕು. ಮೊದಲು ನೀರು, ಆಮೇಲೆ ಇಡ್ಲಿ, ಕೊನೆಗೆ ಫಿಲ್ಟರ್ ಕಾಫಿ, ಅದೂ ಬೈ-ಟು. ಮಸಾಲೆ ದೋಸೆಯ ಮೇಲೆ ವಡೆ, ಅದರ ಮೇಲೆ ಕೇಸರಿಬಾತ್ ಎಂದು ತಿಂದವರು ಮರಳುವ ದಾರಿಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಾರೆ; ಎಣ್ಣೆಯ ತಿಂಡಿಯನ್ನು ಮನೆಗೆ ಬಂದ ಮೇಲೆ ಧಾರಾಳವಾಗಿ ತಿನ್ನಬಹುದು. ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ, ಬೆವರು ಆರಿದ ಮೇಲೆ ಕಾಲಿನ ಸ್ನಾಯುಗಳು ಬಿಗಿಯುತ್ತವೆ.

ಹೊರಟ ಮೇಲೆ ಮೊದಲ ಎರಡು ಮೂರು ಕಿಲೊಮೀಟರ್ ಹಗುರ ಗೇರಿನಲ್ಲೇ ತುಳಿಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿರುತ್ತದೆ, ಹೊತ್ತು ಏರಿದಂತೆ ಇನ್ನೂ ಹೆಚ್ಚುತ್ತದೆ. ಬೆಳಗೊಳದ ಕಡೆಗೆ ಮರಳುವಾಗ ಅದು ನೇರವಾಗಿ ಎದೆಗೆ ಹೊಡೆಯುವುದರಿಂದ, ಸಾಲಿನ ಮುಂದೆ ನಿಲ್ಲುವ ಕೆಲಸವನ್ನು ಬಲವುಳ್ಳವರು ಎರಡೆರಡು ಕಿಲೊಮೀಟರಿನಂತೆ ಹಂಚಿಕೊಳ್ಳಬೇಕು.

ದೇಣಿಗೆಗಾಗಿ ಸವಾರಿ

ಗುಂಪು ಹೀಗೆ ಕೂಡಿ ಹೋಗುವುದನ್ನು ಕಲಿತ ಮೇಲೆಯೇ ದೇಣಿಗೆಯ ಸವಾರಿಗೆ ಕೈಹಾಕಿ. ನನ್ನ ಮೊದಲ ಸಲಹೆಯೆಂದರೆ ಟೀ ಶರ್ಟ್, ಪದಕ, ಬ್ಯಾನರ್‌ಗಳನ್ನು ಮಾಡಿಸಲೇಬೇಡಿ. ಸಂಗ್ರಹವಾದ ಹಣದ ದೊಡ್ಡ ಪಾಲನ್ನು ಅವೇ ನುಂಗುತ್ತವೆ, ಆ ಅಗ್ಗದ ಪಾಲಿಯೆಸ್ಟರ್ ಅಂಗಿಯನ್ನು ಯಾರೂ ಎರಡನೆಯ ಸಲ ತೊಡುವುದಿಲ್ಲ. ಕಿಲೊಮೀಟರಿಗೆ ಇಷ್ಟೆಂದು ಮಾತು ಪಡೆದು ಆಮೇಲೆ ವಸೂಲಿ ಮಾಡುವ ಕ್ರಮವೂ ನಮ್ಮಲ್ಲಿ ಸರಿಹೋಗುವುದಿಲ್ಲ, ಗೆಳೆಯರನ್ನು ಮತ್ತೆ ಮತ್ತೆ ಕೇಳಲು ಸಂಕೋಚವಾಗಿ ಅರ್ಧ ಹಣ ಬಾಯಿಮಾತಿನಲ್ಲೇ ಉಳಿಯುತ್ತದೆ. ತಲೆಗೆ ಇಷ್ಟು ಎಂದು ಗೊತ್ತುಮಾಡಿ, ಸವಾರಿಗೆ ಮೊದಲೇ ಕೊಡಿಸಿ.

ಹಣವನ್ನು ಸಂಘಟಕರ ಸ್ವಂತ ಖಾತೆಗೆ ಯಾವತ್ತೂ ತರಿಸಬಾರದು. ಸಂಸ್ಥೆಯೊಂದಕ್ಕೆ ಕೊಡುವುದಾದರೆ ದಾನಿಗಳು ನೇರವಾಗಿ ಅದರ ಖಾತೆಗೇ ಹಾಕಿ ರಸೀದಿ ಪಡೆಯಲಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ರಿಯಾಯಿತಿಯೇ ಇಲ್ಲ. ಇದನ್ನು ಮುಂಚೆಯೇ ತಿಳಿಸಿದರೆ ಆಮೇಲೆ ತಕರಾರು ಬರುವುದಿಲ್ಲ. ಕಾಫಿ ತಿಂಡಿಯ ಹಣವನ್ನು ಬೇರೆಯಾಗಿಯೇ ಸಂಗ್ರಹಿಸಿ.

ಯಾವುದಕ್ಕೆ ಕೊಡಬೇಕೆಂದು ಕೇಳಿದರೆ, ಸೈಕಲ್ ತುಳಿಯುವವರು ಸೈಕಲ್ಲಿಗೇ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾಯಿತು, ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತಿತು. ಅಣ್ಣನಿಗೋ ಅಕ್ಕನಿಗೋ ಬಂದ ಹಳೆಯ ಸೈಕಲ್ಲು ಟೈರ್ ಸವೆದು ಮನೆಯ ಗೋಡೆಗೆ ಒರಗಿ ನಿಂತಿರುವಾಗ ತಮ್ಮ ತಂಗಿಯರು ಶಾಲೆಗೆ ನಡೆದು ಹೋಗುವುದನ್ನು ಹಳ್ಳಿಗಳಲ್ಲಿ ನೋಡಿದ್ದೇನೆ. ಒಂದು ಹೊಸ ಸೈಕಲ್ಲಿನ ಬೆಲೆಯಲ್ಲಿ ಇಂಥ ಹಲವನ್ನು ರಿಪೇರಿ ಮಾಡಿಸಬಹುದು.

ಅದಕ್ಕೆ ಶಾಲೆಯ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಕಂಡು ಒಪ್ಪಿಗೆ ಪಡೆಯಿರಿ. ಒಂದು ವಾರ ಮುಂಚೆ ಮಕ್ಕಳು ತಂದ ಸೈಕಲ್ಲುಗಳನ್ನು ನೋಡಿ, ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಳತೆಯನ್ನು ಒಂದೊಂದಾಗಿ ಬರೆದುಕೊಳ್ಳಿ. ಅಂದಾಜಿನಲ್ಲಿ ಟೈರ್ ಕೊಂಡು ಹೋದವರು ಅರ್ಧವನ್ನು ವಾಪಸ್ ತರಬೇಕಾಗುತ್ತದೆ. ಬಹಳಷ್ಟು ಸೈಕಲ್ಲುಗಳಲ್ಲಿ ಟ್ಯೂಬ್ ಚೆನ್ನಾಗಿಯೇ ಇದ್ದು, ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆ ಮಾತ್ರ ಒಣಗಿ ಬಿರಿದಿರುತ್ತದೆ, ಕೆಲವೇ ರೂಪಾಯಿಯ ಆ ತುಂಡನ್ನು ಬದಲಿಸಿದರೆ ಗಾಳಿ ನಿಲ್ಲುತ್ತದೆ. ಬಿಡಿಭಾಗಗಳನ್ನು ಗುಂಪಿನವರು ಅಂಗಡಿಯಲ್ಲಿ ನಿಂತು ಬಿಲ್ ಸಹಿತ ಕೊಳ್ಳಲಿ. ಕೆಲಸವನ್ನು ಅದೇ ಊರಿನ ಸೈಕಲ್ ಶಾಪಿನವರಿಗೆ ಪೂರ್ತಿ ಕೂಲಿ ಕೊಟ್ಟು ಮಾಡಿಸಿ, ನೀವು ಕೈಜೋಡಿಸಿದರೆ ಸಾಕು. ಮುಂದೆ ಕೆಟ್ಟಾಗ ಮಕ್ಕಳು ಹೋಗುವುದು ಅವರ ಬಳಿಗೇ.

ಈ ಸವಾರಿಯನ್ನು ಶನಿವಾರ ಇಟ್ಟುಕೊಳ್ಳಿ. ಅಂದು ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ತರಗತಿ ಇರುವುದರಿಂದ ನೀವು ತಲುಪುವ ಹೊತ್ತಿಗೆ ಶಿಕ್ಷಕರೂ ಮಕ್ಕಳೂ ಇರುತ್ತಾರೆ, ಭಾನುವಾರ ಹೋದರೆ ಗೇಟಿಗೆ ಬೀಗವಿರುತ್ತದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಕೊಟ್ಟವರಿಗೆ ಕಳಿಸಬೇಕಾದದ್ದು ಬಿಲ್ಲುಗಳ ಪ್ರತಿ ಮತ್ತು ಖರ್ಚಿನ ಲೆಕ್ಕ, ಅದೂ ವಾರದೊಳಗೆ. ಉಳಿದ ಟ್ಯೂಬ್‌ಗಳನ್ನೂ ವಾಲ್ವಿನ ರಬ್ಬರ್ ಕೊಳವೆಗಳನ್ನೂ, ಕಾಲಿನಲ್ಲಿ ಒತ್ತಿ ಹಿಡಿದು ಹೊಡೆಯುವ ದೊಡ್ಡ ಪಂಪ್ ಒಂದನ್ನೂ ಶಾಲೆಯಲ್ಲೇ ಬಿಟ್ಟು, ಅದರ ಹೊಣೆಯನ್ನು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳಿಗೆ ಶಿಕ್ಷಕರ ಎದುರಿನಲ್ಲಿ ಒಪ್ಪಿಸಿ ಬನ್ನಿ.