ಪರಿಹಾರ ಕೇಂದ್ರದ ಕುಡಿಯುವ ನೀರು: ರಾತ್ರಿ ಬ್ಲೀಚಿಂಗ್, ಬೆಳಿಗ್ಗೆ ನಳ

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ, ದಂಡೆಯ ಊರಿನವರು ಶಾಲೆಗಳಲ್ಲಿ ಬಂದು ಉಳಿದಾಗ ಎಲ್ಲರದೂ ಒಂದೇ ಮಾತು: "ಬ್ಲೀಚಿಂಗ್ ನೀರು ಜನ ಬಾಯಿಗೂ ಇಡೂದಿಲ್ರಿ, ಕ್ಯಾನ್ ತರಸ್ರಿ." ಮುನ್ನೂರು ಜನಕ್ಕೆ ತಲೆಗೆ ಮೂರು ಲೀಟರ್ ಹಿಡಿದರೂ ದಿನಕ್ಕೆ 20 ಲೀಟರಿನ 45 ಕ್ಯಾನ್, ಆಗಿನ ದರದಲ್ಲಿ ಸುಮಾರು 1,800 ರೂಪಾಯಿ. ದಾನಿಗಳ ದುಡ್ಡು ಬೇಗ ಕರಗುತ್ತದೆ, ಜನ ಅಲ್ಲೇ ಇರುತ್ತಾರೆ. ಸಾವಿರ ಲೀಟರಿನ ಎರಡು ಹಳೇ ಸಿಂಟೆಕ್ಸ್, ನಳ, ಪೈಪು, ಕಟ್ಟೆ ಸೇರಿ ನಮಗೆ ಬಿದ್ದದ್ದು 11–12 ಸಾವಿರ. ಟ್ಯಾಂಕರ್ ಪಂಚಾಯಿತಿಯದು, ಬ್ಲೀಚಿಂಗ್ ಪುಡಿ, ಪಟಿಕದ ದಿನದ ಖರ್ಚು ಹತ್ತು ರೂಪಾಯಿ ದಾಟಲಿಲ್ಲ.

ಕೆಂಪು ನೀರಿಗೆ ನೇರವಾಗಿ ಬ್ಲೀಚಿಂಗ್ ಹಾಕಿದರೆ ಮಣ್ಣೇ ಕ್ಲೋರಿನ್ ತಿಂದುಬಿಡುತ್ತದೆ. ಅದಕ್ಕೇ ಮಧ್ಯಾಹ್ನ ಮೊದಲ ಟ್ಯಾಂಕಿಗೆ 50 ಗ್ರಾಂ ಪಟಿಕ ಕರಗಿಸಿ ಸುರಿದು, ಒಂದು ನಿಮಿಷ ಜೋರಾಗಿ, ಆಮೇಲೆ ನಿಧಾನವಾಗಿ ಕದಡಿ, ಮೂರು ತಾಸು ಬಿಡುತ್ತಿದ್ದೆವು. ನಳ ತಳದಿಂದ ಒಂದು ಗೇಣು ಮೇಲೆ ಇರಲೇಬೇಕು, ಇಲ್ಲದಿದ್ದರೆ ಕೆಸರೂ ಹರಿದು ಬರುತ್ತದೆ. ನುಗ್ಗೆ ಬೀಜದ ಪುಡಿಯನ್ನೂ ನೋಡಿದೆವು: ನೀರು ತಿಳಿಯಾಯಿತು, ಮರುದಿನ ನಾತ ಹೊಡೆಯಿತು. ಬಿಟ್ಟೆವು.

ತಿಳಿನೀರು ಎರಡನೇ ಟ್ಯಾಂಕಿಗೆ. ಪುಸ್ತಕದಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಅಂತಿದೆ. ಅದು ಒಳ್ಳೇ ಪುಡಿಗೆ, ಶುದ್ಧ ನೀರಿಗೆ. ಬಾಯಿ ಬಿಚ್ಚಿದ ಚೀಲದ, ತಂಪು ಹಿಡಿದ ಪುಡಿ 7–8 ಗ್ರಾಂ ಬೇಕಾಗುತ್ತಿತ್ತು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಸುರಿಯಿರಿ. ತಳದ ಸುಣ್ಣ ಚೆಲ್ಲಿ.

ಗುಟ್ಟು ಇರುವುದು ಹೊತ್ತಿನಲ್ಲಿ. ಅರ್ಧ ತಾಸಿಗೇ ಕುಡಿಯಲು ಕೊಟ್ಟರೆ ವಾಸನೆಗೆ ಮುದುಕರು ಮುಖ ತಿರುವುತ್ತಾರೆ. ರಾತ್ರಿ ಒಂಬತ್ತಕ್ಕೆ ಹಾಕಿ, ಮುಚ್ಚಳ ಬಿಗಿದು, ಬೆಳಿಗ್ಗೆ ಆರಕ್ಕೆ ಕ್ಲೋರೋಸ್ಕೋಪಿನಲ್ಲಿ (ನೀರಲ್ಲಿ ಉಳಿದ ಕ್ಲೋರಿನ್ ಬಣ್ಣದಿಂದ ಅಳೆಯುವ ಸಾಧನ) ನೋಡಿದರೆ ತೆಳು ಹಳದಿ, ಲೀಟರಿಗೆ 0.5 ಮಿಲಿಗ್ರಾಂ ಆಸುಪಾಸು. ವಾಸನೆ ಅಷ್ಟೊತ್ತಿಗೆ ಇಳಿದಿರುತ್ತದೆ. ಕ್ಯಾನ್ ಅಂದವರೇ ತಂಬಿಗೆ ತುಂಬಿಕೊಂಡು ಹೋದರು.

ಇಷ್ಟಾದರೂ ಭೇದಿ ನಿಲ್ಲಲಿಲ್ಲ. ನಳದಲ್ಲಿ ಕ್ಲೋರಿನ್ 0.5 ಇದ್ದ ನೀರು ಸಂಜೆಗೆ ಕೊಡದಲ್ಲಿ ಸೊನ್ನೆ: ಮಕ್ಕಳು ಕೈ ಸಮೇತ ಲೋಟ ಅದ್ದುತ್ತಿದ್ದವು. ಕುಟುಂಬಕ್ಕೊಂದು ಮುಚ್ಚಳದ ಕೊಡ, ಉದ್ದ ಹಿಡಿಕೆಯ ಸೌಟು ಕೊಟ್ಟೆವು, ಸುಮಾರು 150 ರೂಪಾಯಿ. ಇಡೀ ಕೆಲಸದಲ್ಲಿ ದುಡ್ಡು ಸಾರ್ಥಕವಾದದ್ದು ಅಲ್ಲಿ. ಸೌಟಿನ ಹಿಡಿಕೆಗೆ ದಾರ ಕಟ್ಟಿ ಕೊಡದ ಕಂಠಕ್ಕೇ ಬಿಗಿಯಿರಿ, ಇಲ್ಲದಿದ್ದರೆ ಅದು ಸಾರಿನ ಪಾತ್ರೆ ಸೇರುತ್ತದೆ.