ಗ್ರಾಮರ್ ಮುಚ್ಚಿಟ್ಟು ಪ್ರಿಲಿಮಿನರಿ ಪಾಸು ಮಾಡಿಸಿದ್ದು: ನನ್ನ ಅನುಭವ

ಗ್ರಾಮರ್ ಕ್ಲಾಸ್ ಇಲ್ಲದೆ ಮೂರು ತಿಂಗಳಲ್ಲಿ ಕೇಂಬ್ರಿಡ್ಜಿನ ಬಿ1 ಪ್ರಿಲಿಮಿನರಿ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ತಯಾರು ಮಾಡ್ತೀನಿ ಅಂದಾಗ ಹಾಸನದ ಟ್ಯೂಷನ್ ಬಳಗದಲ್ಲಿ ನಕ್ಕವರೇ ಜಾಸ್ತಿ. ಕಳೆದ ಬ್ಯಾಚಿನ ಒಂಬತ್ತರಲ್ಲಿ ಎಂಟು ಜನ ಪಾಸಿನ ಗೆರೆಯಾದ 140 ದಾಟಿದರು. ಒಬ್ಬಳು 160 ಮುಟ್ಟಿದ್ದರಿಂದ ಸರ್ಟಿಫಿಕೇಟಿನ ಮೇಲೆ ಒಂದು ಮೆಟ್ಟಿಲು ಮೇಲಿನ ಬಿ2 ಅಂತಲೇ ಬಂತು. ನಕ್ಕವರು ಈಗ ನೋಟ್ಸ್ ಕೇಳ್ತಿದ್ದಾರೆ.

ರೀಡಿಂಗ್, ರೈಟಿಂಗ್, ಲಿಸನಿಂಗ್, ಸ್ಪೀಕಿಂಗ್ — ನಾಲ್ಕೂ ವಿಭಾಗಕ್ಕೆ ತಲಾ ಶೇ. 25ರ ತೂಕ. ಆದರೂ ನಾವೆಲ್ಲ ಮುಕ್ಕಾಲು ಪಾಲು ಸಮಯ ಸುರಿಯೋದು ರೀಡಿಂಗಿಗೆ. ಅಲ್ಲಿ 45 ನಿಮಿಷ, 32 ಪ್ರಶ್ನೆ, ಪ್ರಶ್ನೆಗೊಂದು ಅಂಕ. ಐದು ಜನಕ್ಕೆ ಎಂಟು ಬರಹಗಳಲ್ಲಿ ಹೊಂದುವುದನ್ನು ಹುಡುಕುವ ಎರಡನೇ ಭಾಗ ಐದೇ ಅಂಕಕ್ಕೆ ಕಾಲು ಗಂಟೆ ನುಂಗುತ್ತೆ. ಹಾಗಾಗಿ ಆರು ಭಾಗಗಳಲ್ಲಿ 1, 5, 6 ಮೊದಲು, ಆಮೇಲೆ 3, 4, ಕಟ್ಟಕಡೆಗೆ 2. ಆರನೇ ಭಾಗದ ಬಿಟ್ಟ ಸ್ಥಳಗಳಲ್ಲಿ ನಮ್ಮ ಮಕ್ಕಳು ಬೀಳೋದು ‘ಇನ್’, ‘ಆನ್’, ‘ಅಟ್’ ಮೇಲೆ. ಕನ್ನಡದಲ್ಲಿ ಮೂರಕ್ಕೂ ‘ಅಲ್ಲಿ’ ಸಾಕಲ್ಲ! ನಿಯಮ ಹೇಳಿಕೊಡೋದು ಬಿಟ್ಟೆ. ದಿನಕ್ಕೆ ಆರು ಖಾಲಿ ಜಾಗ, ನಾಲ್ಕು ನಿಮಿಷ, ಅಷ್ಟೇ.

ದುಡ್ಡು ಹೋಗಿದ್ದು ಲಿಸನಿಂಗಿಗೆ. ಎಲ್ಲರಿಗೂ ಇಯರ್‌ಫೋನ್ ಅಂತ ಮೂರು ಸಾವಿರದ ಹತ್ತಿರ ಸುರಿದೆ, ದಂಡ. ನಾವು ಬರೆಸಿದ್ದು ಪೇಪರ್ ಮಾದರಿ, ಕಂಪ್ಯೂಟರಿನದಲ್ಲ. ಪರೀಕ್ಷಾ ಹಾಲ್‌ನಲ್ಲಿ ಕೇಳಿಸೋದು ಸ್ಪೀಕರಿನಲ್ಲಿ. ಆಮೇಲೆ ಹಳೇ ಸ್ಪೀಕರನ್ನು ಮೂಲೆಗಿಟ್ಟು, ಫ್ಯಾನ್ ಹಾಕಿ ಕೇಳಿಸಿದೆ. ಪ್ರತಿ ರೆಕಾರ್ಡಿಂಗ್ ಎರಡು ಸಲ ಬರುತ್ತೆ, ಕೊನೆಗೆ ಉತ್ತರ ಇಳಿಸಲು ಆರು ನಿಮಿಷ ಕೊಡ್ತಾರೆ.

ಕೇಳಿ ಖಾಲಿ ಜಾಗ ತುಂಬೋ ಲಿಸನಿಂಗಿನ ಮೂರನೇ ಭಾಗದಲ್ಲಿ ಸಮಯ ಬರೆಯೋದೇ ದೊಡ್ಡ ಗುಂಡಿ. ‘ಕ್ವಾರ್ಟರ್ ಟು ಸೆವೆನ್’ ಅಂದರೆ ನಮಗೆ ಆರೂ ಮುಕ್ಕಾಲು. ನಾವು ಕಳೆದ ಗಂಟೆ ಹೇಳ್ತೀವಿ, ಅವರು ಬರೋ ಗಂಟೆ. ‘ಸೆವೆನ್’ ಕಿವಿಗೆ ಬಿದ್ದ ಕೂಡಲೇ ಅರ್ಧ ಕ್ಲಾಸು 7.15 ಬರೆದಿರುತ್ತೆ. ಸಾಲದ್ದಕ್ಕೆ ಮೊದಲು ಒಂದು ಸಮಯ ಹೇಳಿ, ಆಮೇಲೆ ಅದನ್ನೇ ಬದಲಾಯಿಸ್ತಾರೆ. ಆಕಾಶವಾಣಿ ಹಾಸನದ ಕನ್ನಡ ಕಾರ್ಯಕ್ರಮ ಕೇಳಿಸಿ, ಕನ್ನಡದಲ್ಲೇ ಖಾಲಿ ಜಾಗ ತುಂಬಿಸಿ ನೋಡಿದೆ, ಸುಮ್ಮನೆ ಪ್ರಯೋಗಕ್ಕೆ. ಗೊತ್ತಿರೋ ಭಾಷೆಯಲ್ಲೂ ಆರಕ್ಕೆ ಎರಡು ತಪ್ಪು! ಕೇಳೋಕೆ ಮುಂಚೆ ಪ್ರಶ್ನೆ ಓದಿ, ಇಲ್ಲಿ ಬರೋದು ಸಂಖ್ಯೆಯೋ, ಹೆಸರೋ, ವಾರವೋ ಅಂತ ಪಕ್ಕದಲ್ಲಿ ಗುರುತು ಹಾಕೋ ಅಭ್ಯಾಸ ಬಿದ್ದಿದ್ದು ಅಲ್ಲಿಂದ.

ರೈಟಿಂಗಿನ ಇಮೇಲಿಗೆ ಸುಮಾರು 100 ಪದ, ಪ್ರಶ್ನೆಯಲ್ಲಿ ಕೊಟ್ಟ ನಾಲ್ಕು ಟಿಪ್ಪಣಿಗೂ ಉತ್ತರ ಇರಬೇಕು. ಒಂದು ಬಿಟ್ಟರೂ ವಿಷಯದ ಅಂಕಕ್ಕೆ ಕತ್ತರಿ. ಸಾಲಿಗೆ ಹತ್ತು ಪದ, ಹತ್ತು ಸಾಲು ಅಂತ ಕೈ ಕೂರಿಸಿದರೆ ಎಣಿಸೋ ಕಷ್ಟ ಇಲ್ಲ. ಶಾಲೆಯ ರಜಾ ಅರ್ಜಿಯ ಚಾಳಿ ಬಿಡಿಸೋಕೆ ಮೂರು ವಾರ ಹಿಡೀತು: ಗೆಳೆಯನಿಗೆ ಬರೆಯೋ ಇಮೇಲಿಗೂ ‘ರೆಸ್ಪೆಕ್ಟೆಡ್ ಸರ್’! ಎರಡನೇ ಪ್ರಶ್ನೆಗೆ ಲೇಖನ ಅಥವಾ ಕತೆ. ಕತೆಗೆ ಎಂಟು ವಾಕ್ಯದ ಅಚ್ಚೊಂದು ಮಾಡಿಟ್ಟಿದ್ದೀನಿ. ಅದನ್ನು ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಸ್ಪೀಕಿಂಗ್ ಜೋಡಿಯಲ್ಲಿ, ಇಬ್ಬರಿಗೂ ಸೇರಿ ಸುಮಾರು 12 ನಿಮಿಷ. ಎದುರಿಗೆ ಇಬ್ಬರು ಪರೀಕ್ಷಕರು, ಮಾತಾಡಿಸೋದು ಒಬ್ಬರೇ. ಫೋಟೋ ವಿವರಿಸೋಕೆ ಒಬ್ಬೊಬ್ಬರಿಗೆ ಒಂದು ನಿಮಿಷ. ಮೊದಲು ಪುಸ್ತಕದ ಚಿತ್ರಗಳನ್ನೇ ಕಲರ್ ಪ್ರಿಂಟ್ ತೆಗೆಸಿ ಸಾವಿರದ ಚಿಲ್ಲರೆ ಕಳೆದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೋ. ತಕ್ಕಡಿಗೆ ಇಂಗ್ಲಿಷ್ ಪದ ಬಾರದೆ ಹುಡುಗ ಅಲ್ಲೇ ನಿಂತ. ‘ತರಕಾರಿ ತೂಗೋಕೆ ಬಳಸೋ ಸಾಮಾನು’ ಅಂತ ಸುತ್ತಿಬಳಸಿ ಹೇಳು, ಅಂಕ ಹೋಗಲ್ಲ ಅಂದೆ. ಅಂಕ ಹೋಗೋದು ಬಾಯಿ ಮುಚ್ಚಿದಾಗ.

ಮೂರನೇ ಭಾಗದಲ್ಲಿ ಇಬ್ಬರೂ ಚರ್ಚಿಸಿ ತೀರ್ಮಾನಕ್ಕೆ ಬರಬೇಕು. ಅಲ್ಲಿ ಒಬ್ಬನೇ ಭಾಷಣ ಬಿಗಿದರೆ ಅವನ ಅಂಕಕ್ಕೂ ಪೆಟ್ಟು. ಎರಡು ವಾಕ್ಯ ಆಡಿದ ಮೇಲೆ ಜೊತೆಯವರನ್ನು ಒಂದು ಪ್ರಶ್ನೆ ಕೇಳದಿದ್ದರೆ ಪೆನ್ನು ಕಸಿದುಕೊಳ್ತಿದ್ದೆ. ಅಣ್ಣ–ತಂಗಿಯರನ್ನು ಜೋಡಿ ಮಾಡಬೇಡಿ, ಇಬ್ಬರೂ ಮುಖ ನೋಡಿಕೊಂಡು ನಗ್ತಾರೆ. ಅಭ್ಯರ್ಥಿಗಳು ಬೆಸ ಸಂಖ್ಯೆಯಲ್ಲಿದ್ದರೆ ಕೊನೆಗೆ ಮೂವರನ್ನು ಒಟ್ಟಿಗೆ ಕೂರಿಸ್ತಾರೆ. ಅದಕ್ಕೂ ಎರಡು ದಿನ ಎತ್ತಿಡಿ.